ಕ್ಯೂಬ್ಸ್ ಓಎಸ್‌ನಲ್ಲಿ ವೈಫೈ ಕಾಣುತ್ತಿಲ್ಲವೇ? ಕಾರ್ಡ್ ಎಲ್ಲಿ ತಪ್ಪಿಸಿಕೊಂಡಿದೆ ಎಂದು ಪತ್ತೆಹಚ್ಚುವ ಕ್ರಮ

ಸುರಕ್ಷತೆಗೆ ಒತ್ತು ಕೊಡುವ ಆಪರೇಟಿಂಗ್ ಸಿಸ್ಟಂ ಆದ ಕ್ಯೂಬ್ಸ್ ಓಎಸ್ ಹಾಕಿಕೊಂಡವರು ಪದೇಪದೇ ಕೇಳುವ ಪ್ರಶ್ನೆ ಒಂದೇ: "ಇನ್‌ಸ್ಟಾಲ್ ಆಯಿತು, ಉಳಿದದ್ದೆಲ್ಲ ಓಡುತ್ತಿದೆ, ವೈಫೈ ಮಾತ್ರ ಪಟ್ಟಿಯಲ್ಲೇ ಇಲ್ಲ. ಇದೇ ಲ್ಯಾಪ್‌ಟಾಪಿಗೆ ಉಬುಂಟು ಹಾಕಿದರೆ ಬರುತ್ತದೆ. ಈಗೇನು ಮಾಡಲಿ?" ಇದಕ್ಕೆ ಹುಡುಕಿದರೆ ಸಿಗುವ ಮಾಮೂಲಿ ಲಿನಕ್ಸ್ ಸಲಹೆಗಳಲ್ಲಿ ಬಹಳಷ್ಟು ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಕೆಲವಂತೂ ನೀವು ಯಾವ ರಕ್ಷಣೆಗಾಗಿ ಕ್ಯೂಬ್ಸ್ ಹಾಕಿಕೊಂಡಿರೋ ಅದನ್ನೇ ಕಿತ್ತುಹಾಕುತ್ತವೆ. ಹಾಗಾಗಿ ಏನನ್ನಾದರೂ ಬದಲಾಯಿಸುವ ಮೊದಲು, ಕಾರ್ಡ್ ಯಾವ ಪದರದಲ್ಲಿ ಕಾಣೆಯಾಗಿದೆ ಎಂಬುದನ್ನು ತಿಳಿದುಕೊಳ್ಳಿ. ಮುಕ್ಕಾಲು ಕೆಲಸ ಅಲ್ಲೇ ಮುಗಿಯುತ್ತದೆ.

ಪದರಗಳು ಮೂರು. ಕ್ಯೂಬ್ಸ್ ನಿಂತಿರುವುದು ಝೆನ್ ಹೈಪರ್‌ವೈಸರ್ ಮೇಲೆ. ಒಂದೇ ಯಂತ್ರವನ್ನು ಹಲವು ಪ್ರತ್ಯೇಕ ವರ್ಚುವಲ್ ಯಂತ್ರಗಳಾಗಿ ಒಡೆಯುವ ತಂತ್ರಾಂಶ ಅದು. ಹೀಗೆ ಒಡೆದ ಒಂದೊಂದು ತುಂಡಿಗೂ 'ಕ್ಯೂಬ್' ಎಂದು ಹೆಸರು. ಪರದೆ, ಕೀಲಿಮಣೆ ಮತ್ತು ಒಟ್ಟು ಆಡಳಿತವನ್ನು ನೋಡಿಕೊಳ್ಳುವ ಕ್ಯೂಬ್ 'ಡಾಮ್‌ಝೀರೋ'. ಅದಕ್ಕೆ ಇಂಟರ್ನೆಟ್ ಸಂಪರ್ಕ ಇರುವುದೇ ಇಲ್ಲ, ಇರಲೂ ಬಾರದು. ವೈಫೈ ಕಾರ್ಡನ್ನು ಡಾಮ್‌ಝೀರೋದಿಂದ ಬಿಡಿಸಿ, 'ಸಿಸ್-ನೆಟ್' ಎಂಬ ಇನ್ನೊಂದು ಕ್ಯೂಬಿಗೆ ನೇರವಾಗಿ ಒಪ್ಪಿಸಲಾಗುತ್ತದೆ. ಇದನ್ನು ಪಿಸಿಐ ಪಾಸ್‌ಥ್ರೂ ಎನ್ನುತ್ತಾರೆ. ಕಾರ್ಡನ್ನು ನಡೆಸುವ ತಂತ್ರಾಂಶ, ಅಂದರೆ ಡ್ರೈವರ್, ಓಡುವುದು ಸಿಸ್-ನೆಟ್‌ನೊಳಗೆ. ಅಂದರೆ ತೊಂದರೆ ಮೂರು ಕಡೆ ಇರಬಹುದು: ಕಾರ್ಡ್ ಯಂತ್ರಕ್ಕೇ ಕಾಣದಿರಬಹುದು, ಕಂಡರೂ ಸಿಸ್-ನೆಟ್‌ಗೆ ತಲುಪದಿರಬಹುದು, ತಲುಪಿದರೂ ಅಲ್ಲಿ ಅದನ್ನು ಎಬ್ಬಿಸುವ ಡ್ರೈವರ್ ಅಥವಾ ಫರ್ಮ್‌ವೇರ್ ಇಲ್ಲದಿರಬಹುದು. ಫರ್ಮ್‌ವೇರ್ ಎಂದರೆ ಕಾರ್ಡಿನೊಳಗಿನ ಚಿಪ್ಪಿಗೆ ಪ್ರತಿ ಸಲ ತುಂಬಬೇಕಾದ ಪುಟ್ಟ ತಂತ್ರಾಂಶ.

ಶುರುಮಾಡುವ ಮುನ್ನ

ಇಲ್ಲಿರುವ ಮೆನು ಹೆಸರುಗಳು 2023ರ ಡಿಸೆಂಬರಿನಲ್ಲಿ ಬಂದ 4.2ನೇ ಆವೃತ್ತಿಯವು. ಆಜ್ಞೆಗಳನ್ನು ಉಚ್ಚಾರಣೆಯಂತೆ ಕನ್ನಡದಲ್ಲಿ ಬರೆದಿದೆ; ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲೇ ಒತ್ತಬೇಕು. ಹೈಫನ್ ಇದ್ದಲ್ಲಿ ಹೈಫನ್, ಜಾಗ ಇದ್ದಲ್ಲಿ ಜಾಗ.

ಟರ್ಮಿನಲ್ ಎರಡು ಕಡೆ ಬೇಕು, ಎರಡನ್ನೂ ಬೆರೆಸಬೇಡಿ. ಡಾಮ್‌ಝೀರೋ ಟರ್ಮಿನಲ್ ಸಿಗುವುದು ಮೆನುವಿನ ಗೇರ್ ಚಿಹ್ನೆಯೊಳಗೆ, 'ಅದರ್' ವಿಭಾಗದಲ್ಲಿ. ಸಿಸ್-ನೆಟ್ ಟರ್ಮಿನಲ್ ಸಿಗುವುದು ಮೆನುವಿನ 'ಸರ್ವಿಸ್' ಭಾಗದಲ್ಲಿ ಸಿಸ್-ನೆಟ್ ಹೆಸರಿನಡಿ. ಕಿಟಕಿಯ ಅಂಚಿನ ಬಣ್ಣ ಮತ್ತು ಶೀರ್ಷಿಕೆ ನೋಡಿದರೆ ಯಾವುದರಲ್ಲಿದ್ದೀರಿ ಎಂದು ಗೊತ್ತಾಗುತ್ತದೆ.

ತಾತ್ಕಾಲಿಕ ಇಂಟರ್ನೆಟ್ ಕೂಡ ಬೇಕು. ಕ್ಯೂಬ್ಸ್‌ನ ಅಪ್‌ಡೇಟುಗಳೆಲ್ಲ ಸಿಸ್-ನೆಟ್ ಮೂಲಕವೇ ಹೋಗುವುದರಿಂದ, ನೆಟ್ ಇಲ್ಲದೆ ವೈಫೈಗೆ ಬೇಕಾದ ಪ್ಯಾಕೇಜ್ ತರಿಸಲಾಗದು. ಪ್ಯಾಕೇಜ್ ಇಲ್ಲದೆ ವೈಫೈ ಬಾರದು. ಲ್ಯಾನ್ ಕೇಬಲ್ ಇದ್ದರೆ ಅದೇ ಸುಲಭ. ಇಲ್ಲದಿದ್ದರೆ ಆಂಡ್ರಾಯ್ಡ್ ಫೋನಿನ ಯುಎಸ್‌ಬಿ ಟೆದರಿಂಗ್ ಸಾಕು. ಆದರೆ ಕ್ರಮ ಮುಖ್ಯ: ಫೋನನ್ನು ಕೇಬಲ್‌ನಲ್ಲಿ ಜೋಡಿಸಿ, ಮೊದಲು ಫೋನಿನಲ್ಲಿ ಟೆದರಿಂಗ್ ಆನ್ ಮಾಡಿ, ಆಮೇಲೆ ಮೇಲ್ಪಟ್ಟಿಯ ಡಿವೈಸಸ್ ಚಿಹ್ನೆಯಿಂದ ಅದನ್ನು ಸಿಸ್-ನೆಟ್‌ಗೆ ಜೋಡಿಸಿ. ಮೊದಲೇ ಜೋಡಿಸಿ ನಂತರ ಟೆದರಿಂಗ್ ಒತ್ತಿದರೆ, ಫೋನ್ ಆ ಕ್ಷಣ ಬೇರೆಯೇ ಯುಎಸ್‌ಬಿ ಸಾಧನವಾಗಿ ಗುರುತಿಸಿಕೊಂಡು ಜೋಡಣೆ ಕಳಚಿಹೋಗುತ್ತದೆ. ಬಹಳಷ್ಟು ಮಂದಿ "ಫೋನೂ ಕೆಲಸ ಮಾಡುತ್ತಿಲ್ಲ" ಎಂದು ಕೈಚೆಲ್ಲುವುದು ಇಲ್ಲೇ.

ಹಂತ 1: ಸ್ವಿಚ್ ಮತ್ತು ಬಯೋಸ್

ಲ್ಯಾಪ್‌ಟಾಪಿನ ಪಕ್ಕದಲ್ಲಿ ವೈಫೈ ಸ್ವಿಚ್ ಅಥವಾ ಕೀಲಿಮಣೆಯಲ್ಲಿ ವಿಮಾನದ ಗುರುತಿನ ಕೀ ಇದೆಯೇ ನೋಡಿ. ನಂತರ ಯಂತ್ರ ಮರುಆರಂಭಿಸಿ ಬಯೋಸ್ (ಓಎಸ್ ಶುರುವಾಗುವ ಮುನ್ನವೇ ಸಿಗುವ, ಯಂತ್ರದ ಮೂಲ ಸೆಟ್ಟಿಂಗ್ ಪರದೆ) ಒಳಹೊಕ್ಕು ಎರಡು ಸಂಗತಿ ಪರೀಕ್ಷಿಸಿ. ವೈರ್‌ಲೆಸ್ ಸಾಧನ ಆನ್ ಇರಬೇಕು. ಇಂಟೆಲ್ ಯಂತ್ರವಾದರೆ 'ವಿಟಿ-ಡಿ', ಎಎಂಡಿ ಯಂತ್ರವಾದರೆ 'ಐಓಎಂಎಂಯು' ಅಥವಾ 'ಎಎಂಡಿ-ವಿಐ' ಆನ್ ಇರಬೇಕು. ಕಾರ್ಡನ್ನು ಬೇರೊಂದು ಕ್ಯೂಬಿಗೆ ಸುರಕ್ಷಿತವಾಗಿ ಒಪ್ಪಿಸಲು ಬೇಕಾದ ಹಾರ್ಡ್‌ವೇರ್ ಸೌಲಭ್ಯ ಇದು. ಬಯೋಸ್ ಅಪ್‌ಡೇಟ್ ಮಾಡಿದಾಗ ಕೆಲವೊಮ್ಮೆ ಈ ಆಯ್ಕೆ ತಾನಾಗಿಯೇ ಆಫ್ ಆಗಿಬಿಡುತ್ತದೆ.

ಡಾಮ್‌ಝೀರೋದಲ್ಲಿ ಕ್ಯೂಬ್ಸ್-ಎಚ್‌ಸಿಎಲ್-ರಿಪೋರ್ಟ್ ಎಂದು ಒತ್ತಿ. ಅದರಲ್ಲಿ ಎಚ್‌ವಿಎಂ ಮತ್ತು ಐ/ಓ ಎಂಎಂಯು ಎರಡರ ಮುಂದೆಯೂ 'ಆಕ್ಟಿವ್' ಎಂದಿರಬೇಕು.

ಅದೇ ಯಂತ್ರದಲ್ಲಿ ವಿಂಡೋಸ್ ಕೂಡ ಇದ್ದರೆ ಅದರ 'ಫಾಸ್ಟ್ ಸ್ಟಾರ್ಟಪ್' ಆಫ್ ಮಾಡಿ. ಅದು ಆನ್ ಇದ್ದಾಗ ವಿಂಡೋಸ್ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ. ಕಾರ್ಡ್ ಅರ್ಧನಿದ್ರೆಯ ಸ್ಥಿತಿಯಲ್ಲಿ ಉಳಿದು ಲಿನಕ್ಸ್ ಡ್ರೈವರಿಗೆ ಎಚ್ಚರವಾಗದೆ ಹೋಗಬಹುದು.

ಹಂತ 2: ಡಾಮ್‌ಝೀರೋಗೆ ಕಾರ್ಡ್ ಕಾಣುತ್ತಿದೆಯೇ?

ಡಾಮ್‌ಝೀರೋ ಟರ್ಮಿನಲ್‌ನಲ್ಲಿ ಎಲ್‌ಎಸ್‌ಪಿಸಿಐ ಹೈಫನ್-ಕೆ ಒತ್ತಿ. ಉದ್ದ ಪಟ್ಟಿ ಬರುತ್ತದೆ. 'ಈಥರ್‌ನೆಟ್ ಕಂಟ್ರೋಲರ್' ಎಂದಿರುವುದು ಕೇಬಲ್‌ನದು. ನಿಮಗೆ ಬೇಕಾದದ್ದು 'ನೆಟ್‌ವರ್ಕ್ ಕಂಟ್ರೋಲರ್' ಎಂಬ ಸಾಲು. ಅದರ ಎಡತುದಿಯಲ್ಲಿ 03:00.0 ಅಥವಾ 00:14.3 ತರಹದ ವಿಳಾಸವಿರುತ್ತದೆ. ವಿಳಾಸವನ್ನೂ ಚಿಪ್ಪಿನ ಪೂರ್ಣ ಹೆಸರನ್ನೂ ಕಾಗದದಲ್ಲಿ ಬರೆದಿಟ್ಟುಕೊಳ್ಳಿ. 00:14.3 ಎಂದಿದ್ದರೆ ಅದು ಹೆಚ್ಚಾಗಿ ಇಂಟೆಲ್‌ನ 'ಸಿಎನ್‌ವಿಐ' ಮಾದರಿ: ವೈಫೈನ ಒಂದು ಭಾಗ ಪ್ರೊಸೆಸರ್ ಬದಿಯ ಚಿಪ್‌ಸೆಟ್‌ನಲ್ಲೇ ಇದ್ದು, ಸ್ಲಾಟಿನಲ್ಲಿರುವುದು ರೇಡಿಯೋ ಭಾಗ ಮಾತ್ರ. ಕಾರ್ಡ್ ಬದಲಿಸಬೇಕಾಗಿ ಬಂದರೆ ಈ ವಿಷಯ ಮುಖ್ಯವಾಗುತ್ತದೆ.

ಆ ಸಾಲಿನ ಕೆಳಗೆ ಬಳಕೆಯಲ್ಲಿರುವ ಡ್ರೈವರ್ 'ಪಿಸಿಐಬ್ಯಾಕ್' ಎಂದು ಕಂಡರೆ ಗಾಬರಿಯಾಗಬೇಡಿ. ಇಂಟೆಲ್ ಡ್ರೈವರಿನ ಹೆಸರು ಅಲ್ಲಿಲ್ಲವಲ್ಲ ಎಂದು ಡಾಮ್‌ಝೀರೋದಲ್ಲಿ ಡ್ರೈವರ್ ತುಂಬಿಸಲು ಹೊರಡುವುದು ದೊಡ್ಡ ತಪ್ಪು. ಪಿಸಿಐಬ್ಯಾಕ್ ಇರುವುದೇ ಕಾರ್ಡನ್ನು ಡಾಮ್‌ಝೀರೋ ಮುಟ್ಟದಂತೆ ತಡೆದು ಬೇರೆ ಕ್ಯೂಬಿಗೆ ಕೊಡಲು. ಅದು ಕಂಡರೆ ಈ ಪದರ ಸರಿಯಿದೆ ಎಂದರ್ಥ.

'ನೆಟ್‌ವರ್ಕ್ ಕಂಟ್ರೋಲರ್' ಸಾಲೇ ಇಲ್ಲವೇ? ಆಗ ದೋಷ ಕ್ಯೂಬ್ಸ್‌ನದಲ್ಲ: ಬಯೋಸ್‌ನಲ್ಲಿ ಆಫ್ ಇದೆ, ಕಾರ್ಡ್ ಸ್ಲಾಟಿನಲ್ಲಿ ಸಡಿಲವಾಗಿದೆ, ಇಲ್ಲವೇ ಕೆಟ್ಟಿದೆ. ಚಾರ್ಜರ್ ತೆಗೆದು, ಯಂತ್ರ ಪೂರ್ತಿ ಆಫ್ ಮಾಡಿ, ಪವರ್ ಬಟನ್ನನ್ನು ಅರ್ಧ ನಿಮಿಷ ಒತ್ತಿಹಿಡಿದು ಮತ್ತೆ ಆನ್ ಮಾಡಿ ನೋಡಿ. ಆಗಲೂ ಬಾರದಿದ್ದರೆ ಕೊನೆಯ ಹಂತಕ್ಕೆ ಹೋಗಿ.

ಹಂತ 3: ಕಾರ್ಡ್ ಸಿಸ್-ನೆಟ್‌ಗೆ ಸೇರಿದೆಯೇ?

ಮೆನುವಿನ ಗೇರ್ ಚಿಹ್ನೆ, 'ಕ್ಯೂಬ್ಸ್ ಟೂಲ್ಸ್', ಅದರೊಳಗೆ 'ಕ್ಯೂಬ್ ಮ್ಯಾನೇಜರ್' ತೆರೆಯಿರಿ. ಸಿಸ್-ನೆಟ್ ನಿಲ್ಲಿಸಿ. ಅದನ್ನು ಅವಲಂಬಿಸಿರುವ ಸಿಸ್-ಫೈರ್‌ವಾಲ್ ಮೊದಲಾದವನ್ನೂ ನಿಲ್ಲಿಸಲೇ ಎಂದು ಕೇಳಿದರೆ ಒಪ್ಪಿಕೊಳ್ಳಿ. ನಂತರ ಸಿಸ್-ನೆಟ್‌ನ 'ಸೆಟ್ಟಿಂಗ್ಸ್' ತೆರೆದು 'ಡಿವೈಸಸ್' ಟ್ಯಾಬಿಗೆ ಹೋಗಿ. ಎಡಗಡೆ ಲಭ್ಯವಿರುವ ಸಾಧನಗಳು, ಬಲಗಡೆ ಈ ಕ್ಯೂಬಿಗೆ ಕೊಟ್ಟಿರುವವು. ನೀವು ಬರೆದುಕೊಂಡ ವಿಳಾಸ ಬಲಗಡೆ ಇರಬೇಕು. ಎಡಗಡೆ ಇದ್ದರೆ ಬಲಕ್ಕೆ ಸರಿಸಿ.

ಹಾಗೆಯೇ 'ಅಡ್ವಾನ್ಸ್‌ಡ್' ಟ್ಯಾಬಿನಲ್ಲಿ ಮೋಡ್ 'ಎಚ್‌ವಿಎಂ' ಇದೆಯೇ, ಮೆಮೊರಿ ಬ್ಯಾಲೆನ್ಸಿಂಗ್ ಆಫ್ ಇದೆಯೇ ನೋಡಿ. ಪಿವಿಎಚ್ ಎಂಬ ಇನ್ನೊಂದು ಮೋಡಿನ ಕ್ಯೂಬಿಗೆ ಪಿಸಿಐ ಕಾರ್ಡ್ ಕೊಡಲಾಗುವುದಿಲ್ಲ. ಸಿಸ್-ನೆಟ್‌ನ ಆರಂಭಿಕ ಮೆಮೊರಿ ಸಾಮಾನ್ಯವಾಗಿ 400 ಎಂಬಿ. ಹೊಸ ತಲೆಮಾರಿನ ಕೆಲವು ಕಾರ್ಡುಗಳಿಗೆ ಅದು ಬಿಗಿಯಾಗುತ್ತದೆ. 600 ಅಥವಾ 800 ಮಾಡಿ ನೋಡುವುದರಲ್ಲಿ ನಷ್ಟವಿಲ್ಲ.

ಇಲ್ಲಿ ಒಂದು ಗಂಭೀರ ಎಚ್ಚರಿಕೆ. ಪಿಸಿಐ ವಿಳಾಸ ಶಾಶ್ವತವಲ್ಲ. ಹೊಸ ಎಸ್‌ಎಸ್‌ಡಿ ಹಾಕಿದರೆ ಅಥವಾ ಬಯೋಸ್‌ನಲ್ಲಿ ಏನಾದರೂ ಆನ್-ಆಫ್ ಮಾಡಿದರೆ ಸಾಧನಗಳ ಸಂಖ್ಯೆ ಮುಂದೆ-ಹಿಂದೆ ಸರಿಯಬಹುದು. ನಿನ್ನೆ ವೈಫೈಗಿದ್ದ 03:00.0 ಇಂದು ನಿಮ್ಮ ಡಿಸ್ಕಿನದ್ದಾಗಿರಬಹುದು. ಆಗ ಸಿಸ್-ನೆಟ್ ಶುರುವಾದ ಕೂಡಲೇ ಡಾಮ್‌ಝೀರೋದ ಕೈಯಿಂದ ಡಿಸ್ಕೇ ಜಾರಿ ಇಡೀ ಯಂತ್ರ ಸ್ತಬ್ಧವಾಗುತ್ತದೆ. ಹಾರ್ಡ್‌ವೇರ್ ಬದಲಿಸಿದ ಮೇಲೆ ಯಂತ್ರ ಬೂಟ್ ಆಗುತ್ತಲೇ ಹೀಗೆ ಹೆಪ್ಪುಗಟ್ಟುತ್ತಿದ್ದರೆ, ಆನ್ ಮಾಡಿದಾಗ ಬರುವ ಬೂಟ್ ಮೆನುವಾದ ಗ್ರಬ್ ಪರದೆಯಲ್ಲಿ ಇಂಗ್ಲಿಷಿನ 'ಇ' ಕೀ ಒತ್ತಿ, ಕರ್ನಲ್ (ಲಿನಕ್ಸ್‌ನ ತಿರುಳು) ಹೆಸರಿರುವ ಸಾಲಿನ ಕೊನೆಗೆ ಒಂದು ಜಾಗ ಬಿಟ್ಟು ಕ್ಯೂಬ್ಸ್.ಸ್ಕಿಪ್_ಆಟೋಸ್ಟಾರ್ಟ್ ಎಂದು ಸೇರಿಸಿ, ಎಫ್10 ಒತ್ತಿ. ಯಾವ ಕ್ಯೂಬೂ ತಾನಾಗಿ ಶುರುವಾಗದು. ಆಗ ನಿಧಾನವಾಗಿ ಡಿವೈಸಸ್ ಟ್ಯಾಬಿಗೆ ಹೋಗಿ ಹಳೆಯ ವಿಳಾಸ ತೆಗೆದು ಹೊಸದನ್ನು ಸೇರಿಸಿ.

ಹಂತ 4: ಸಿಸ್-ನೆಟ್ ಶುರುವಾಗದೆ ದೋಷ ತೋರಿಸಿದರೆ

ಹೆಚ್ಚಾಗಿ ಬರುವ ಸಂದೇಶ 'ಅನೇಬಲ್ ಟು ರಿಸೆಟ್ ಪಿಸಿಐ ಡಿವೈಸ್' ಎಂಬುದು, ಜೊತೆಗೆ 'ನೋ ಎಫ್‌ಎಲ್‌ಆರ್' ಎಂಬ ಬಾಲ. ಕಾರ್ಡನ್ನು ಒಂದು ಕ್ಯೂಬಿನಿಂದ ಇನ್ನೊಂದಕ್ಕೆ ಕೊಡುವಾಗ ಅದರೊಳಗಿನ ಹಳೆಯ ಸ್ಥಿತಿಯನ್ನು ಪೂರ್ತಿ ಒರೆಸಬೇಕು ಎಂಬುದು ಕ್ಯೂಬ್ಸ್‌ನ ನಿಯಮ. ಎಫ್‌ಎಲ್‌ಆರ್ ಎಂದರೆ ಹಾಗೆ ಒರೆಸುವ ಒಂದು ವಿಧಾನ. ಎಲ್ಲ ಕಾರ್ಡುಗಳಿಗೂ ಆ ಸೌಲಭ್ಯ ಇರುವುದಿಲ್ಲ.

ಪರಿಹಾರ ಡಿವೈಸಸ್ ಟ್ಯಾಬಿನಲ್ಲೇ ಇದೆ: 'ಕಾನ್ಫಿಗರ್ ಸ್ಟ್ರಿಕ್ಟ್ ರಿಸೆಟ್ ಫಾರ್ ಪಿಸಿಐ ಡಿವೈಸಸ್' ಬಟನ್ ಒತ್ತಿ, ನಿಮ್ಮ ವೈಫೈ ಕಾರ್ಡಿಗೆ ಮಾತ್ರ ಕಟ್ಟುನಿಟ್ಟಿನ ರಿಸೆಟ್ ಬೇಡ ಎಂದು ಗುರುತು ಹಾಕಿ. ಇದರಿಂದ ರಕ್ಷಣೆ ಸ್ವಲ್ಪ ಸಡಿಲವಾಗುವುದು ನಿಜ. ಆದರೆ ಆ ಕಾರ್ಡ್ ಯಾವಾಗಲೂ ಸಿಸ್-ನೆಟ್‌ನಲ್ಲೇ ಇದ್ದು ಬೇರೆ ಕ್ಯೂಬಿಗೆ ಹೋಗದಿದ್ದರೆ, ಅಪಾಯ ಒಪ್ಪಿಕೊಳ್ಳಬಹುದಾದಷ್ಟು ಕಡಿಮೆ. ಇವತ್ತು ಸಿಸ್-ನೆಟ್‌ಗೆ, ನಾಳೆ ಇನ್ನೊಂದಕ್ಕೆ ಎಂದು ಬದಲಾಯಿಸುವ ಅಭ್ಯಾಸವಿದ್ದರೆ ಮಾತ್ರ ಇದನ್ನು ಮಾಡಬೇಡಿ.

ಇನ್ನೊಂದು ಆಯ್ಕೆಯ ಹೆಸರು 'ಪರ್ಮಿಸಿವ್'. ಅದನ್ನು ಆಜ್ಞೆಯಿಂದಲೇ ಕೊಡಬೇಕು: ಕ್ಯೂವಿಎಂ-ಪಿಸಿಐ ಅಟ್ಯಾಚ್, ಆಮೇಲೆ ಎರಡು ಹೈಫನ್ ಸೇರಿಸಿ ಪರ್ಸಿಸ್ಟೆಂಟ್, ಆಮೇಲೆ ಒಂದು ಹೈಫನ್ ಮತ್ತು 'ಓ', ಜಾಗ, ಪರ್ಮಿಸಿವ್=ಟ್ರೂ, ಕೊನೆಗೆ ಕ್ಯೂಬಿನ ಹೆಸರು ಮತ್ತು ಸಾಧನದ ಹೆಸರು. ಸಾಧನದ ಹೆಸರನ್ನು ಬರೀ ಕ್ಯೂವಿಎಂ-ಪಿಸಿಐ ಒತ್ತಿದಾಗ ಬರುವ ಪಟ್ಟಿಯಿಂದಲೇ ಎತ್ತಿಕೊಳ್ಳಿ, ಅಲ್ಲಿ 03:00.0 ಎಂಬುದು 03_00.0 ಆಗಿರುತ್ತದೆ, ವಿಳಾಸದೊಳಗೆ ಕೋಲನ್ ಒತ್ತಿದರೆ ಆಜ್ಞೆ ಒಪ್ಪುವುದಿಲ್ಲ. ಈಗಾಗಲೇ ಜೋಡಿಸಿರುವ ಕಾರ್ಡಾದರೆ ಮೊದಲು ಡಿವೈಸಸ್ ಟ್ಯಾಬಿನಿಂದ ತೆಗೆಯಬೇಕು. ಈ ಆಯ್ಕೆಯನ್ನು ಊಹೆಯ ಮೇಲೆ ಹಾಕಬೇಡಿ. ಡಾಮ್‌ಝೀರೋದ ಲಾಗ್‌ನಲ್ಲಿ ಪಿಸಿಐಬ್ಯಾಕ್ ಹೆಸರಿನ ಸಾಲೊಂದು, ಡ್ರೈವರ್ 'ರೀಡ್-ಓನ್ಲಿ ಕಾನ್ಫಿಗರೇಶನ್ ಸ್ಪೇಸ್' ಒಳಗೆ ಬರೆಯಲು ಯತ್ನಿಸಿತು ಎಂದು ದೂರಿದಾಗ ಮಾತ್ರ ಇದರ ಅಗತ್ಯ.

ಹಂತ 5: ಸಿಸ್-ನೆಟ್‌ನೊಳಗೆ ಏನಾಗುತ್ತಿದೆ?

ಸಿಸ್-ನೆಟ್ ಓಡುತ್ತಿದೆ, ಕಾರ್ಡ್ ಜೋಡಿಸಿದೆ, ಆದರೂ ವೈಫೈ ಇಲ್ಲ. ಹೆಚ್ಚಿನವರು ಸಿಕ್ಕಿಬೀಳುವುದು ಇಲ್ಲಿ.

ಸಿಸ್-ನೆಟ್ ಟರ್ಮಿನಲ್‌ನಲ್ಲಿ ಮತ್ತೆ ಎಲ್‌ಎಸ್‌ಪಿಸಿಐ ಹೈಫನ್-ಕೆ ಒತ್ತಿ. ವಿಳಾಸ ಈಗ 00:06.0 ತರಹ ಬೇರೆ ಇರುತ್ತದೆ, ಅದು ಸಹಜ. ಕೆಳಗೆ ಬಳಕೆಯಲ್ಲಿರುವ ಡ್ರೈವರಿನ ಹೆಸರು ಇದೆಯೇ ನೋಡಿ. ಇಂಟೆಲ್‌ಗೆ 'ಐಡಬ್ಲ್ಯೂಎಲ್‌ವೈಫೈ', ಮೀಡಿಯಾಟೆಕ್‌ಗೆ 'ಎಂಟಿ7921ಇ', ರಿಯಲ್‌ಟೆಕ್‌ಗೆ 'ಆರ್‌ಟಿಡಬ್ಲ್ಯೂ88' ಅಥವಾ 'ಆರ್‌ಟಿಡಬ್ಲ್ಯೂ89' ಎಂದು ಶುರುವಾಗುವ ಹೆಸರು. ನಂತರ ಸುಡೊ ಡಿಮೆಸ್ಜ್ ಒತ್ತಿ. ಬರೆಯುವಾಗ ಅದು ಡಿ, ಎಂ, ಇ, ಎಸ್, ಜಿ. ಕರ್ನಲ್ ತನ್ನ ಪಾಡಿಗೆ ಬರೆಯುವ ದಿನಚರಿ ಇದು. ಅದರಲ್ಲಿ 'ಫರ್ಮ್‌ವೇರ್' ಎಂಬ ಪದ ಹುಡುಕಿ.

ಓದುವಾಗ ಒಂದು ಸೂಕ್ಷ್ಮ ಗಮನಿಸಿ. ಇಂಟೆಲ್ ಡ್ರೈವರ್ ತನಗೆ ಗೊತ್ತಿರುವ ಅತಿ ಹೊಸ ಫರ್ಮ್‌ವೇರ್‌ನಿಂದ ಶುರುಮಾಡಿ, ಸಿಗದಿದ್ದರೆ ಒಂದೊಂದೇ ಮೆಟ್ಟಿಲು ಕೆಳಗಿಳಿದು ಹಳೆಯದನ್ನು ಹುಡುಕುತ್ತದೆ. ಹಾಗಾಗಿ 'ಫೇಲ್ಡ್ ವಿತ್ ಎರರ್ -2' ಎಂಬ ಸಾಲುಗಳು ಹಲವು ಬಂದರೂ, ಕೊನೆಗೆ 'ಲೋಡೆಡ್ ಫರ್ಮ್‌ವೇರ್ ವರ್ಶನ್' ಎಂದಿದ್ದರೆ ಎಲ್ಲ ಸರಿಯಿದೆ. ಮೈನಸ್ 2 ಎಂದರೆ ಕಡತ ಸಿಗಲಿಲ್ಲ ಎಂದಷ್ಟೇ. 'ಯೋಯೋ' ಎಂಬ ಪದವಿರುವ ಕಡತ ಸಿಗಲಿಲ್ಲ ಎಂದರೂ ಚಿಂತೆ ಬೇಡ, ಅದು ದೋಷಪತ್ತೆಗೆ ಬಳಸುವ ಕಡತ. ಆದರೆ 'ನೋ ಸೂಟಬಲ್ ಫರ್ಮ್‌ವೇರ್ ಫೌಂಡ್' ಎಂದಿದ್ದರೆ ನಿಮ್ಮ ಕಾಯಿಲೆ ಸಿಕ್ಕಿತು: ಹಂತ 6ಕ್ಕೆ ಹೋಗಿ. ಮೇಲ್ಪಟ್ಟಿಯ ನೆಟ್‌ವರ್ಕ್ ಚಿಹ್ನೆಯಲ್ಲಿ 'ಫರ್ಮ್‌ವೇರ್ ಮಿಸ್ಸಿಂಗ್' ಎಂದು ಬಂದರೂ ಅದೇ. ಡ್ರೈವರಿನ ಸಾಲೇ ಇಲ್ಲದಿದ್ದರೆ ಹಂತ 7.

ಎರಡೂ ಸರಿಯಿದ್ದು ವೈಫೈ ಆನ್ ಆಗುತ್ತಿಲ್ಲವಾದರೆ ಆರ್‌ಎಫ್‌ಕಿಲ್ ಲಿಸ್ಟ್ ಒತ್ತಿ. 'ಸಾಫ್ಟ್ ಬ್ಲಾಕ್‌ಡ್' ಮುಂದೆ 'ಯೆಸ್' ಇದ್ದರೆ ಸುಡೊ ಆರ್‌ಎಫ್‌ಕಿಲ್ ಅನ್‌ಬ್ಲಾಕ್ ವೈಫೈ ಸಾಕು. 'ಹಾರ್ಡ್ ಬ್ಲಾಕ್‌ಡ್' ಮುಂದೆ 'ಯೆಸ್' ಇದ್ದರೆ ಯಾವ ಆಜ್ಞೆಯಿಂದಲೂ ಆಗದು, ಹಂತ 1ರ ಸ್ವಿಚ್ಚನ್ನೇ ಹುಡುಕಬೇಕು.

ಹಂತ 6: ಫರ್ಮ್‌ವೇರ್ ಸೇರಿಸುವುದು

ಸಿಸ್-ನೆಟ್‌ನೊಳಗೆ ನೇರವಾಗಿ ಪ್ಯಾಕೇಜ್ ಹಾಕಬೇಡಿ. ಹಾಕಿದ ಕ್ಷಣ ವೈಫೈ ಬಂದಂತೆ ಕಂಡರೂ ಮರುದಿನ ಮಾಯವಾಗುತ್ತದೆ, ಏಕೆಂದರೆ ಕ್ಯೂಬಿನ ವ್ಯವಸ್ಥೆಯ ಭಾಗ ಪ್ರತಿ ಸಲ ಅದರ 'ಟೆಂಪ್ಲೇಟ್' ಎಂಬ ಮೂಲಪ್ರತಿಯಿಂದ ಹೊಸದಾಗಿ ಬರುತ್ತದೆ. ಸಿಸ್-ನೆಟ್ ಸೆಟ್ಟಿಂಗ್ಸ್‌ನ 'ಬೇಸಿಕ್' ಟ್ಯಾಬಿನಲ್ಲಿ ಯಾವ ಟೆಂಪ್ಲೇಟ್ ಇದೆ ನೋಡಿ. ಅಲ್ಲಿ ಕೊನೆಗೆ 'ಡಿವಿಎಂ' ಎಂದು ಮುಗಿಯುವ ಹೆಸರಿದ್ದರೆ ನಿಮ್ಮದು ಡಿಸ್ಪೋಸಬಲ್ ಸಿಸ್-ನೆಟ್, ಅಂದರೆ ನಿಲ್ಲಿಸಿದಾಗಲೆಲ್ಲ ಒಳಗಿನದೆಲ್ಲ ಅಳಿಸಿಹೋಗುವಂಥದ್ದು. ಆ ಡಿವಿಎಂನ ಟೆಂಪ್ಲೇಟ್ ಯಾವುದೆಂದು ಮತ್ತೊಂದು ಮೆಟ್ಟಿಲು ಮೇಲೆ ನೋಡಬೇಕು.

ಆ ಟೆಂಪ್ಲೇಟಿನ ಟರ್ಮಿನಲ್ ತೆರೆದು ನಿಮ್ಮ ಚಿಪ್ಪಿಗೆ ತಕ್ಕ ಪ್ಯಾಕೇಜ್ ಹಾಕಿ. ಫೆಡೋರಾ ಟೆಂಪ್ಲೇಟಿನಲ್ಲಿ ಇಂಟೆಲ್‌ನ ಇತ್ತೀಚಿನ ಕಾರ್ಡುಗಳಿಗೆ 'ಐಡಬ್ಲ್ಯೂಎಲ್‌ವೈಫೈ-ಎಂವಿಎಂ-ಫರ್ಮ್‌ವೇರ್', ಹಳೆಯವಕ್ಕೆ ನಡುವೆ 'ಡಿವಿಎಂ' ಇರುವುದು. ಮೀಡಿಯಾಟೆಕ್‌ಗೆ 'ಎಂಟಿ7ಎಕ್ಸ್‌ಎಕ್ಸ್‌ಎಕ್ಸ್-ಫರ್ಮ್‌ವೇರ್', ಉಳಿದವಕ್ಕೆ 'ರಿಯಲ್‌ಟೆಕ್-ಫರ್ಮ್‌ವೇರ್', 'ಅಥೆರೋಸ್-ಫರ್ಮ್‌ವೇರ್'. ಡೆಬಿಯನ್‌ನಲ್ಲಿ ಹೆಸರು ತಿರುಗುಮುರುಗು: 'ಫರ್ಮ್‌ವೇರ್-ಐಡಬ್ಲ್ಯೂಎಲ್‌ವೈಫೈ', 'ಫರ್ಮ್‌ವೇರ್-ರಿಯಲ್‌ಟೆಕ್', 'ಫರ್ಮ್‌ವೇರ್-ಅಥೆರೋಸ್'. ಪ್ಯಾಕೇಜ್ ಸಿಗುತ್ತಿಲ್ಲ ಎಂದರೆ, ಡೆಬಿಯನ್ 12ರಿಂದ ಈಚೆಗೆ ಇವುಗಳಿಗೆಂದೇ ಇರುವ 'ನಾನ್-ಫ್ರೀ-ಫರ್ಮ್‌ವೇರ್' ವಿಭಾಗ ಮೂಲಗಳ ಪಟ್ಟಿಯಲ್ಲಿ ಇದೆಯೇ ಪರೀಕ್ಷಿಸಿ.

ಹಾಕಿದ ಮೇಲೆ ಟೆಂಪ್ಲೇಟ್ ನಿಲ್ಲಿಸಿ, ಆಮೇಲೆ ಸಿಸ್-ನೆಟ್ ಮರುಆರಂಭಿಸಿ. ಟೆಂಪ್ಲೇಟ್ ನಿಲ್ಲಿಸದೆ ಸಿಸ್-ನೆಟ್ ಮಾತ್ರ ಮರುಆರಂಭಿಸಿದರೆ ಬದಲಾವಣೆ ಅಲ್ಲಿಗೆ ತಲುಪುವುದೇ ಇಲ್ಲ. 'ಮಿನಿಮಲ್' ಎಂಬ ಕಡಿಮೆ ಪ್ಯಾಕೇಜುಗಳ ಟೆಂಪ್ಲೇಟ್ ಬಳಸುವವರಿಗೆ ಫರ್ಮ್‌ವೇರ್ ಜೊತೆಗೆ ನೆಟ್‌ವರ್ಕ್ ಮ್ಯಾನೇಜರ್, ಅದರ ವೈಫೈ ಭಾಗ ಮತ್ತು ಕ್ಯೂಬ್ಸ್‌ನ ನೆಟ್‌ವರ್ಕ್ ಏಜೆಂಟ್ ಪ್ಯಾಕೇಜುಗಳೂ ಬೇಕು. ಇದು ನಿಮ್ಮ ಮೊದಲ ಕ್ಯೂಬ್ಸ್ ಆಗಿದ್ದರೆ ಸಿಸ್-ನೆಟ್‌ಗೆ ಪೂರ್ಣ ಟೆಂಪ್ಲೇಟನ್ನೇ ಇಟ್ಟುಕೊಳ್ಳಿ. ಮಿನಿಮಲ್ ಆಮೇಲೆ ನೋಡಿಕೊಳ್ಳಬಹುದು.

ಹಂತ 7: ಕರ್ನಲ್ ಹಳೆಯದಾಗಿದ್ದರೆ

ಡ್ರೈವರ್ ಕರ್ನಲ್‌ನ ಜೊತೆಗೇ ಬರುತ್ತದೆ. ಮೀಡಿಯಾಟೆಕ್ ಎಂಟಿ7921ಕ್ಕೆ ಬೆಂಬಲ ಬಂದದ್ದು 5.12ರಲ್ಲಿ, ರಿಯಲ್‌ಟೆಕ್ ಆರ್‌ಟಿಎಲ್8852ಎಇಗೆ 5.16ರಲ್ಲಿ, ಆರ್‌ಟಿಎಲ್8852ಬಿಇಗೆ 6.2ರಲ್ಲಿ. ಎಎಂಡಿ ಲ್ಯಾಪ್‌ಟಾಪುಗಳಲ್ಲಿ 'ಆರ್‌ಝಡ್608' ಅಥವಾ 'ಆರ್‌ಝಡ್616' ಎಂದು ಕಾಣುವುದು ಕ್ರಮವಾಗಿ ಮೀಡಿಯಾಟೆಕ್‌ನ 7921 ಮತ್ತು 7922 ಚಿಪ್ಪುಗಳೇ. ಸಿಸ್-ನೆಟ್‌ನಲ್ಲಿ ಯುನೇಮ್ ಹೈಫನ್-ಆರ್ ಒತ್ತಿದರೆ ಆವೃತ್ತಿ ಗೊತ್ತಾಗುತ್ತದೆ.

ಹೊಸ ಕರ್ನಲ್ ಬೇಕಾದರೆ ಡಾಮ್‌ಝೀರೋದಲ್ಲಿ ಸುಡೊ ಕ್ಯೂಬ್ಸ್-ಡಾಮ್0-ಅಪ್‌ಡೇಟ್ ಕರ್ನಲ್-ಲೇಟೆಸ್ಟ್-ಕ್ಯೂಬ್ಸ್-ವಿಎಂ ಒತ್ತಿ. ಕೊನೆಯ 'ಕ್ಯೂಬ್ಸ್-ವಿಎಂ' ಬಿಟ್ಟುಹೋದರೆ ನವೀಕರಣವಾಗುವುದು ಡಾಮ್‌ಝೀರೋದ ಕರ್ನಲ್, ವೈಫೈಗೆ ಅದರಿಂದ ಪ್ರಯೋಜನವಿಲ್ಲ. ನಂತರ ಸಿಸ್-ನೆಟ್‌ನ ಅಡ್ವಾನ್ಸ್‌ಡ್ ಟ್ಯಾಬಿನಲ್ಲಿ ಕರ್ನಲ್ ಪಟ್ಟಿಯಿಂದ ಹೊಸದನ್ನು ಆರಿಸಿ ಮರುಆರಂಭಿಸಿ. ಸಿಸ್-ನೆಟ್‌ಗೆ ಮಾತ್ರ ಬದಲಾಯಿಸಿದರೆ, ಏನಾದರೂ ಎಡವಟ್ಟಾದರೂ ಉಳಿದ ಕ್ಯೂಬುಗಳು ಸುರಕ್ಷಿತ.

ಬ್ರಾಡ್‌ಕಾಮ್‌ನ ಬಿಸಿಎಂ4360, ಬಿಸಿಎಂ43142 ಇದ್ದರೆ ನೇರವಾಗಿ ಹೇಳುತ್ತೇನೆ: ಕಾರ್ಡ್ ಬದಲಿಸಿ. ಅವುಗಳಿಗೆ ಬೇಕಾದ 'ಡಬ್ಲ್ಯೂಎಲ್' ಎಂಬ ಮುಚ್ಚಿದ ಮೂಲದ ಡ್ರೈವರನ್ನು ಕರ್ನಲ್ ಬದಲಾದಾಗಲೆಲ್ಲ ಮತ್ತೆ ಕಟ್ಟಬೇಕು, ಮತ್ತು ಒಳಗೇನಿದೆ ಎಂದು ಹೊರಗಿನವರು ಪರಿಶೀಲಿಸಲಾಗದ ಕೋಡ್ ಅದು. ಸುರಕ್ಷತೆಗಾಗಿ ಕ್ಯೂಬ್ಸ್ ಆರಿಸಿಕೊಂಡವರಿಗೆ ಆ ಶ್ರಮ ತಕ್ಕದ್ದಲ್ಲ.

ಹಂತ 8: ಮುಚ್ಚಳ ಮುಚ್ಚಿ ತೆರೆದ ಮೇಲೆ ಮಾತ್ರ ವೈಫೈ ಮಾಯವಾಗುವುದಾದರೆ

ನಿದ್ರೆಯಿಂದ ಎದ್ದಾಗ ಡ್ರೈವರ್ ಕಾರ್ಡನ್ನು ಮತ್ತೆ ಎಬ್ಬಿಸಲಾಗದೆ ಸೋಲುವುದರಿಂದ ಹೀಗಾಗುತ್ತದೆ. ಮಲಗುವ ಮುನ್ನ ಡ್ರೈವರನ್ನೇ ಇಳಿಸಿ, ಎದ್ದಮೇಲೆ ಮತ್ತೆ ಏರಿಸುವಂತೆ ಕ್ಯೂಬ್ಸ್‌ಗೆ ಹೇಳಬಹುದು. ಸಿಸ್-ನೆಟ್‌ನಲ್ಲಿ /ಆರ್‌ಡಬ್ಲ್ಯೂ/ಕಾನ್ಫಿಗ್/ಸಸ್ಪೆಂಡ್-ಮಾಡ್ಯೂಲ್-ಬ್ಲ್ಯಾಕ್‌ಲಿಸ್ಟ್ ಎಂಬ ಕಡತಕ್ಕೆ ಡ್ರೈವರ್ ಹೆಸರುಗಳನ್ನು ಸಾಲಿಗೊಂದರಂತೆ ಬರೆಯಿರಿ. ಇಂಟೆಲ್ ಆದರೆ ಮೊದಲ ಸಾಲು 'ಐಡಬ್ಲ್ಯೂಎಲ್‌ಎಂವಿಎಂ', ಎರಡನೆಯದು 'ಐಡಬ್ಲ್ಯೂಎಲ್‌ವೈಫೈ'. ಕ್ರಮ ತಿರುಗಿಸಬೇಡಿ, ಮೊದಲನೆಯದು ಎರಡನೆಯದರ ಮೇಲೆ ನಿಂತಿರುವುದರಿಂದ ಅದೇ ಮೊದಲು ಇಳಿಯಬೇಕು. ಡಿಸ್ಪೋಸಬಲ್ ಸಿಸ್-ನೆಟ್ ಆದರೆ ಈ ಕಡತವನ್ನು ಅದರ ಡಿವಿಎಂ ಟೆಂಪ್ಲೇಟಿನಲ್ಲಿ ಬರೆಯಬೇಕು, ಇಲ್ಲದಿದ್ದರೆ ಅಳಿಸಿಹೋಗುತ್ತದೆ.

ಹಂತ 9: ಕಾರ್ಡ್ ಬದಲಿಸುವುದಾದರೆ

ಲ್ಯಾಪ್‌ಟಾಪಿನೊಳಗಿನ ಕಾರ್ಡ್ ಸಾಮಾನ್ಯವಾಗಿ 'ಎಂ.2 2230' ಅಳತೆಯದು: 22 ಮಿಲಿಮೀಟರ್ ಅಗಲ, 30 ಉದ್ದ. ಇಂಟೆಲ್‌ನ ಎಎಕ್ಸ್200, ಎಎಕ್ಸ್210 ಪೂರ್ಣ ಪಿಸಿಐ ಕಾರ್ಡುಗಳು. ಇಂಟೆಲ್, ಎಎಂಡಿ ಎರಡರಲ್ಲೂ ನಡೆಯುತ್ತವೆ. ಎಎಕ್ಸ್201, ಎಎಕ್ಸ್211 ಸಿಎನ್‌ವಿಐ ಮಾದರಿಯವು. ಹೊಂದುವ ಇಂಟೆಲ್ ಚಿಪ್‌ಸೆಟ್ ಇಲ್ಲದ ಯಂತ್ರದಲ್ಲಿ ಕಾಣಿಸುವುದೇ ಇಲ್ಲ. ಒಂದೇ ಅಂಕಿಯ ವ್ಯತ್ಯಾಸ, ಅಂಗಡಿಯಲ್ಲಿ ಸುಲಭವಾಗಿ ತಪ್ಪುತ್ತದೆ. ಕಾರ್ಡು ಲ್ಯಾಪ್‌ಟಾಪಿನ ಬೋರ್ಡಿಗೇ ಬೆಸುಗೆಯಾಗಿದೆಯೇ, ಬಯೋಸ್ ತಾನು ಒಪ್ಪಿದ ಕಾರ್ಡುಗಳನ್ನಷ್ಟೇ ಬಿಡುತ್ತದೆಯೇ ಎಂದು ಕೊಳ್ಳುವ ಮೊದಲೇ ವಿಚಾರಿಸಿ. ತೆಗೆಯುವಾಗ ಬ್ಯಾಟರಿ ಕನೆಕ್ಟರ್ ಬಿಡಿಸಿ, ಆಂಟೆನಾದ ಎರಡು ತಂತಿಗಳನ್ನು ತಂತಿ ಹಿಡಿದು ಎಳೆಯದೆ ಲೋಹದ ತುದಿಯನ್ನು ನೇರ ಮೇಲಕ್ಕೆ ಎತ್ತಿ. ಹೊಸ ಕಾರ್ಡ್ ಹಾಕಿದ ಮೇಲೆ ಹಂತ 2 ಮತ್ತು 3 ಮತ್ತೊಮ್ಮೆ.

ತೆರೆಯಲಾಗದ ಲ್ಯಾಪ್‌ಟಾಪ್ ಆದರೆ ಯುಎಸ್‌ಬಿ ವೈಫೈ ಅಡಾಪ್ಟರ್ ಉಳಿದ ದಾರಿ. ಅಥೆರೋಸ್ ಎಆರ್9271 ಚಿಪ್ಪಿನದು ಮುಕ್ತ ಫರ್ಮ್‌ವೇರ್‌ನಲ್ಲೇ ಓಡುತ್ತದೆ, ಆದರೆ 2.4 ಗಿಗಾಹರ್ಟ್ಸ್ ಮಾತ್ರ. ಎರಡೂ ಬ್ಯಾಂಡ್ ಬೇಕಾದರೆ ಮೀಡಿಯಾಟೆಕ್ ಎಂಟಿ7612ಯು ನೋಡಿ. ಅದರ ಡ್ರೈವರ್ ಕರ್ನಲ್‌ನಲ್ಲೇ ಇದೆ. ಪೆಟ್ಟಿಗೆಯ ಮೇಲೆ 'ಲಿನಕ್ಸ್ ಸಪೋರ್ಟ್' ಎಂದಿದ್ದರೆ ಸಾಲದು, ಚಿಪ್ಪಿನ ಹೆಸರು ಕೇಳಿಯೇ ಕೊಳ್ಳಿ. ಈ ಅಡಾಪ್ಟರನ್ನು, ಯುಎಸ್‌ಬಿ ಸಾಧನಗಳನ್ನು ನೋಡಿಕೊಳ್ಳುವ ಸಿಸ್-ಯುಎಸ್‌ಬಿ ಕ್ಯೂಬಿನಿಂದ ಸಿಸ್-ನೆಟ್‌ಗೆ ಡಿವೈಸಸ್ ಚಿಹ್ನೆಯ ಮೂಲಕ ಪ್ರತಿ ಸಲ ಜೋಡಿಸಬಹುದು, ಆದರೆ ಆ ದಾರಿಯಲ್ಲಿ ವೇಗ ಕುಸಿಯುವುದು, ನಡುನಡುವೆ ಕಳಚುವುದು ಇದ್ದದ್ದೇ. ಒಂದಕ್ಕಿಂತ ಹೆಚ್ಚು ಯುಎಸ್‌ಬಿ ಕಂಟ್ರೋಲರ್ ಇರುವ ಯಂತ್ರವಾದರೆ ಒಂದನ್ನು ಪೂರ್ತಿ ಸಿಸ್-ನೆಟ್‌ಗೆ ಕೊಟ್ಟುಬಿಡಿ. ಒಂದೇ ಇದ್ದರೆ ಸಿಸ್-ನೆಟ್ ಮತ್ತು ಸಿಸ್-ಯುಎಸ್‌ಬಿ ಎರಡನ್ನೂ ಒಂದೇ ಕ್ಯೂಬ್ ಆಗಿಸುವ ಆಯ್ಕೆ ಇನ್‌ಸ್ಟಾಲ್ ನಂತರದ ಮೊದಲ ಸಿದ್ಧತಾ ಪರದೆಯಲ್ಲಿದೆ. ಆಗ ನೆಟ್‌ವರ್ಕ್ ಕಡೆಯಿಂದ ಒಳನುಗ್ಗಿದವರಿಗೆ ನಿಮ್ಮ ಪೆನ್‌ಡ್ರೈವ್, ಯುಎಸ್‌ಬಿ ಕೀಲಿಮಣೆಗಳೂ ಕೈಗೆಟುಕುತ್ತವೆ ಎಂಬುದನ್ನು ತಿಳಿದೇ ಆರಿಸಿಕೊಳ್ಳಿ.